ಹೂಂಗುಟ್ಟುವ ಓದುಗರು: ಅಂತರ್ಜಾಲ ಬರವಣಿಗೆಯ ವೇದಿಕೆಗಳ ಜಾನಪದೀಯ ವಿವೇಚನೆ

ಕಥೆ ಹೇಳುವವರ ಎದುರು ಕುಳಿತವರಲ್ಲಿ ಒಬ್ಬರಾದರೂ ಹೂಂಗುಟ್ಟಬೇಕೆಂಬುದು ಕನ್ನಡ ಜನಪದ ಕಥನದ ಅಲಿಖಿತ ನಿಯಮ. ಆ ಸದ್ದು ನಿಂತರೆ ಕೇಳುಗರು ನಿದ್ರೆಗೆ ಜಾರಿದರೆಂದು ಕಥೆಯೂ ನಿಲ್ಲುತ್ತದೆ. ಮುದ್ರಣ ಸಂಸ್ಕೃತಿಯು ಹೇಳುವವರ ಹಾಗೂ ಕೇಳುವವರ ನಡುವೆ ಸಂಪಾದಕ, ಪ್ರಕಾಶಕ, ವಿತರಕರೆಂಬ ಮಧ್ಯಸ್ಥರನ್ನು ನಿಲ್ಲಿಸಿದ ಮೇಲೆ ಇದು ಲೇಖಕರ ಕಿವಿಗೆ ಬೀಳುವುದು ವಿರಳವಾಯಿತು. ಅಂತರ್ಜಾಲದ ಬರವಣಿಗೆಯ ವೇದಿಕೆಗಳು ಅದನ್ನು ಮರಳಿ ತಂದಿವೆ. ಆದರೆ ಹೂಂಗುಟ್ಟುವವರು ದೊರೆತಾಕ್ಷಣ ಸಮುದಾಯ ದೊರೆಯಿತೆಂದೂ, ಸಮುದಾಯ ದೊರೆತಾಕ್ಷಣ ಬರವಣಿಗೆ ಬೆಳೆಯಿತೆಂದೂ ಭಾವಿಸುವುದು ಅವಸರದ ತೀರ್ಮಾನವಾಗುತ್ತದೆ.

2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಬರವಣಿಗೆ ಪ್ರಕಟವಾಗುತ್ತದೆ. ಬರೆದವರು ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಓದಿದವರು ನಕ್ಷತ್ರಗಳ ಮೂಲಕ ಅಂಕ ನೀಡುತ್ತಾರೆ, ಅಭಿಪ್ರಾಯ ದಾಖಲಿಸುತ್ತಾರೆ, ಮೆಚ್ಚಿದ ಲೇಖಕರನ್ನು ಹಿಂಬಾಲಿಸುತ್ತಾರೆ. ಇಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಕಂತುಗಳಲ್ಲಿ ಬರುವ ಧಾರಾವಾಹಿ. ಒಂದು ಕಂತಿಗೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ ಓದುಗರು ಪಾತ್ರಗಳ ಪರವಾಗಿ ವಾದಿಸುತ್ತಾರೆ, ಮುಂದಿನ ಭಾಗಕ್ಕಾಗಿ ಒತ್ತಾಯಿಸುತ್ತಾರೆ. ಇಷ್ಟವಿಲ್ಲದ ಮದುವೆಯಿಂದ ಆರಂಭವಾಗಿ ಒಲವಿನಲ್ಲಿ ಮುಗಿಯುವ ಕಥೆಗಳು ಇಂತಹ ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುತ್ತವೆಂಬ ಆಕ್ಷೇಪವಿದೆ. ಜಾನಪದ ವಿದ್ವಾಂಸರಿಗೆ ಇದು ದೋಷವಾಗಿ ಕಾಣಬೇಕಿಲ್ಲ. ಒಂದೇ ಆಶಯ ನೂರು ಬಾಯಿಗಳಲ್ಲಿ ತಿರುಗುವುದನ್ನು ಗುರುತಿಸಿ ವರ್ಗೀಕರಿಸುವುದೇ ಅವರ ಶಿಸ್ತಿನ ಮೊದಲ ಪಾಠವಲ್ಲವೇ?

ಈ ವೇದಿಕೆಗಳ ಮಹತ್ವವನ್ನು ಅರಿಯಲು 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ನೆನೆಯಬೇಕು. ಬೀಸುವ ಕಲ್ಲಿನ ಮುಂದೆ ಒಬ್ಬಳು ಎತ್ತಿಕೊಂಡ ತ್ರಿಪದಿಗೆ ಜೊತೆಗಾತಿ ದನಿಗೂಡಿಸುತ್ತಿದ್ದಳು. ಅಲ್ಲಿಯೇ ಮುಂದಿನ ತ್ರಿಪದಿ ಹುಟ್ಟುತ್ತಿತ್ತು. ಆ ಹಾಡುಗಳನ್ನು ಕಟ್ಟಿದ ಹೆಂಗಸರ ಹೆಸರುಗಳು ಮಾತ್ರ ಉಳಿಯಲಿಲ್ಲ. ಇಂದು ಅಡುಗೆಮನೆಯ ಕೆಲಸ ಮುಗಿಸಿ ಮೊಬೈಲಿನಲ್ಲಿಯೇ ಕಥೆ ಬರೆಯುವ ಗೃಹಿಣಿಗೆ ಸ್ವಂತದ ಹೆಸರೋ ಅಂಕಿತವೋ ಇದೆ. ಆ ಹೆಸರಿಗಾಗಿ ಕಾಯುವ ಓದುಗರಿದ್ದಾರೆ. ಸಾಹಿತ್ಯ ವಿಮರ್ಶೆ ಈ ಬರವಣಿಗೆಯನ್ನು ಹಗುರವಾಗಿ ಕಂಡಿರುವುದು ಅದರ ಕುರುಡಿಗೆ ಸಾಕ್ಷಿಯೆನ್ನಬೇಕಾಗುತ್ತದೆ.

ಹಾಗೆಂದು ಎರಡನ್ನೂ ಸಮೀಕರಿಸಲಾಗದು. ರೋಮನ್ ಯಾಕಬ್ಸನ್ ಮತ್ತು ಪ್ಯೋತ್ರ್ ಬೊಗತಿರ್ಯೋವ್ 1929ರ ತಮ್ಮ ಲೇಖನದಲ್ಲಿ, ಸಮುದಾಯ ಸ್ವೀಕರಿಸಿದ್ದು ಮಾತ್ರ ಜಾನಪದವಾಗಿ ಬಾಳುತ್ತದೆ, ನಿರಾಕರಿಸಿದ್ದು ಅಳಿಯುತ್ತದೆ ಎಂದು ಪ್ರತಿಪಾದಿಸಿದರು. ಅಂತರ್ಜಾಲದಲ್ಲಿ ಯಾರೂ ಓದದ ಕಥೆಯೂ ಅಳಿಯುವುದಿಲ್ಲ. ಅದು ಸುಮ್ಮನೆ ಕೆಳಗೆ ಸರಿಯುತ್ತದೆ. ಸಮುದಾಯದ ನಿರಾಕರಣೆಯ ಸ್ಥಾನವನ್ನು ಓದುಗರ ಸಂಖ್ಯೆ ಆಕ್ರಮಿಸಿಕೊಂಡಿದೆ. ಸಂಖ್ಯೆಯು ಕಥೆ ಸೋತಿತೆಂದು ತಿಳಿಸಬಲ್ಲದು, ಎಲ್ಲಿ ಸೋತಿತೆಂದು ತಿಳಿಸಲಾರದು.

ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಹಾಡುಗಾರರನ್ನು ಬೆಳೆಸುವುದು ತಲೆದೂಗುವವರಷ್ಟೇ ಅಲ್ಲ. ಗಂಡು ಹೆಚ್ಚೆಂದು ಹರದೇಶಿಯವರು ಹಾಡಿದರೆ, ಹೆಣ್ಣು ಹೆಚ್ಚೆಂದು ನಾಗೇಶಿಯವರು ಉತ್ತರಿಸಬೇಕು. ಎದುರಾಳಿಯ ಸವಾಲು ಬಿದ್ದಾಗ ಪುರಾಣ ಗೊತ್ತಿಲ್ಲದವರ ಬಾಯಿ ಸಭೆಯಲ್ಲಿಯೇ ಕಟ್ಟುತ್ತದೆ. ಮುಂದಿನ ಹಾಡಿಕೆಗೆ ಅವರು ಕಲಿತುಕೊಂಡು ಬರುತ್ತಾರೆ. ತಾಳಮದ್ದಲೆಯ ಅರ್ಥಧಾರಿಯ ಪಾಡೂ ಇದೇ. ಪ್ರಶಂಸೆಯೊಂದಿಗೆ ಪ್ರತಿರೋಧವೂ ಇರುವ ಕೂಟದಲ್ಲಿ ಕಸುಬು ಮಾಗುತ್ತದೆ. ವೇದಿಕೆಯಲ್ಲಿಯಾದರೋ ತಪ್ಪು ತೋರಿಸಿದ ಓದುಗರು ಅಸೂಯೆಪಡುವವರೆನಿಸುವ ಅಪಾಯವಿದೆ. ಪರಸ್ಪರ ಅಂಕ ಕೊಟ್ಟುಕೊಳ್ಳುವ ಸೌಜನ್ಯವೇ ಸಮುದಾಯದ ಸೋಗು ಹಾಕಿಬಿಡಬಹುದು.

ಇದು ಮಾಧ್ಯಮದ ಅನಿವಾರ್ಯ ಲಕ್ಷಣವೇನಲ್ಲ. ಜಾನಪದ ಶಿಸ್ತಿನಿಂದ ಬಂದ ಕ್ಯಾಮಿಲ್ ಬೇಕನ್-ಸ್ಮಿತ್ 1992ರಲ್ಲಿ ಪ್ರಕಟಿಸಿದ ‘ಎಂಟರ್‌ಪ್ರೈಸಿಂಗ್ ವಿಮೆನ್’ ಗ್ರಂಥವು, ‘ಸ್ಟಾರ್ ಟ್ರೆಕ್’ನಂತಹ ದೂರದರ್ಶನ ಸರಣಿಗಳ ಪಾತ್ರಗಳನ್ನು ಎತ್ತಿಕೊಂಡು ಕಥೆ ಬರೆಯುತ್ತಿದ್ದ ಅಮೆರಿಕದ ಮಹಿಳೆಯರನ್ನು ಕುರಿತದ್ದು. ಅಂತರ್ಜಾಲ ಮನೆಮನೆಗೆ ಬರುವ ಮೊದಲೇ ಅವರು ಚಿಕ್ಕ ಬಳಗಗಳನ್ನು ಕಟ್ಟಿಕೊಂಡು, ಖಾಸಗಿ ಪತ್ರಿಕೆಗಳಲ್ಲಿ ಬರೆದು, ಹೊಸಬರನ್ನು ಪಳಗಿಸುತ್ತಿದ್ದರು. ಅಂತಹ ಅಭಿಮಾನಿ ಬರವಣಿಗೆಗೆಂದು 2009ರಲ್ಲಿ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಲಾಭರಹಿತ ಸಂಸ್ಥೆಯೊಂದರದು. 2019ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಸಂದಿತು. ಅಲ್ಲಿಯೂ ಮೆಚ್ಚುಗೆ ಸೂಚಿಸುವ ಗುಂಡಿಯಿದೆ, ಎಣಿಕೆಯಿದೆ. ಆದರೆ ಈ ಬರಹಗಾರರಲ್ಲಿ ‘ಬೀಟಾ ಓದುಗ’ರೆಂಬ ರೂಢಿ ನೆಲೆಗೊಂಡಿದೆ: ಪ್ರಕಟಣೆಗೆ ಮೊದಲೇ ಕಥೆಯನ್ನು ಓದಿ, ಭಾಷೆಯನ್ನೂ ಬಂಧವನ್ನೂ ತಿದ್ದಿಕೊಡುವ ಸಂಗಾತಿಗಳು ಅವರು. ಈ ಸೇವೆಗೆ ಸಂಭಾವನೆಯಿಲ್ಲ. ಕಥೆಯ ತಲೆಯಲ್ಲೋ ಕೊನೆಯಲ್ಲೋ ಕೃತಜ್ಞತೆಯಿರುತ್ತದೆ.

ತಿದ್ದುವಿಕೆಯ ನೆನಪು ಕನ್ನಡಕ್ಕೂ ಇದೆ. ಪ್ರತಿಲಿಪಿಯೆಂಬ ಪದವು ನಕಲು ಪ್ರತಿಯನ್ನು ಸೂಚಿಸುತ್ತದೆ. ಓಲೆಗರಿಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬಿನ್ನವಿಸುವುದು ವಾಡಿಕೆಯಾಗಿತ್ತು. ಅಂತರ್ಜಾಲದಲ್ಲಿ ಲೇಖಕರೇ ಪ್ರಕಟಿತ ಕಂತನ್ನು ಬದಲಿಸಬಹುದು, ಅಳಿಸಲೂಬಹುದು. ಓದುಗರ ಒತ್ತಾಯಕ್ಕೆ ಮಣಿದು ಸತ್ತ ನಾಯಕಿಯನ್ನು ಬದುಕಿಸಿದರೆ, ಮೊದಲಿನ ಪಾಠ ಸಾಮಾನ್ಯವಾಗಿ ಯಾರ ಕೈಗೂ ಸಿಗದು. ಪಾಠಾಂತರಗಳನ್ನು ಹೋಲಿಸಿಯೇ ಸಮುದಾಯದ ಕೈವಾಡವನ್ನು ಗುರುತಿಸಬೇಕಾದ ಸಂಶೋಧಕರು, ಈ ಕಥೆಗಳನ್ನು ಕಂತು ಕಂತಾಗಿ, ಅಭಿಪ್ರಾಯಗಳ ಸಮೇತ, ಅವು ಬಂದ ದಿನವೇ ಸಂಗ್ರಹಿಸಿಡಬೇಕಾಗುತ್ತದೆ.