ಆಂಟೆನಾ ಸಾಲಿಗೆ ಎಷ್ಟು ಸಮ್ಮಿತಿ ಬೇಕು?

ಒಂದೇ ಬಗೆಯ ಹಲವು ಆಂಟೆನಾಗಳನ್ನು ಲೆಕ್ಕದ ಅಂತರದಲ್ಲಿ ನಿಲ್ಲಿಸಿ ಒಂದೇ ರೇಡಿಯೋಗೆ ಜೋಡಿಸಿದರೆ ಅದು ಆಂಟೆನಾ ಸಾಲು. ಹವ್ಯಾಸಿ ರೇಡಿಯೋ ಬಳಸುವ ಹ್ಯಾಮ್‌ಗಳ ಬಾಯಲ್ಲಿ ಆರೇ. ಒಂದೊಂದರಿಂದ ಹೊರಟ ಅಲೆಗಳು ಬೇಕಾದ ದಿಕ್ಕಿನಲ್ಲಿ ಏರಿಗೆ ಏರು ಕೂಡಿ ಬಲವಾಗುತ್ತವೆ, ಬೇಡದ ದಿಕ್ಕಿನಲ್ಲಿ ಏರಿಗೆ ಇಳಿತ ಬಿದ್ದು ಅಳಿಸಿಹೋಗುತ್ತವೆ. ಕೇಳುವಾಗಲೂ ಇದೇ ಲೆಕ್ಕ. ಸಾಲಿನ ಗುಣವನ್ನು ತೀರ್ಮಾನಿಸುವ ಸಂಗತಿಗಳು ಮುಖ್ಯವಾಗಿ ಮೂರು: ಆಂಟೆನಾಗಳ ನಡುವಿನ ಅಂತರ, ಒಂದೊಂದಕ್ಕೆ ಸಿಗುವ ಕರೆಂಟಿನ ಪಾಲು, ಆ ಕರೆಂಟು ಏರಿಳಿಯುವ ಹೊತ್ತು. ಈ ಹೊತ್ತಿನ ವ್ಯತ್ಯಾಸಕ್ಕೆ ಎಂಜಿನಿಯರುಗಳು ಫೇಸ್ ಎನ್ನುತ್ತಾರೆ. ಇವುಗಳಲ್ಲಿ ಅಂತರ, ಫೇಸ್ ಎರಡನ್ನೂ ಅಳೆಯುವ ಕೋಲು ಒಂದೇ, ಅದು ತರಂಗಾಂತರ. ಉದ್ದ, ಅಂತರಗಳ ಅನುಪಾತಕ್ಕೆ ಆಂಟೆನಾದಲ್ಲಿ ಬೆಲೆ ಬರುವುದು ಈ ಕೋಲಿನಿಂದ ಅಳೆದಾಗ ಮಾತ್ರ.

ಭಾರತದ ಹವ್ಯಾಸಿ ರೇಡಿಯೋ ಪರವಾನಗಿದಾರರಿಗೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ದೊರೆಯುತ್ತದೆ. ಇದರ ನಡುವಿನ 145 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 2.07 ಮೀಟರ್, ಅದರ ಅರ್ಧ ಸುಮಾರು 1.03 ಮೀಟರ್. ದಾವಣಗೆರೆ ನಗರದಿಂದ ಹರಿಹರ ನೇರ ಗೆರೆಯಲ್ಲಿ 13-14 ಕಿಲೋಮೀಟರ್, ಪಶ್ಚಿಮದಿಂದ ತುಸು ವಾಯುವ್ಯಕ್ಕೆ ಸರಿದ ದಿಕ್ಕಿನಲ್ಲಿದೆ. ಎರಡೂ ಊರಿನ ಮಾಳಿಗೆಗಳ ಮೇಲೆ ನೆಲದಿಂದ 10 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ, ಅಡೆತಡೆಯಿಲ್ಲದ ಬಯಲಿನಲ್ಲಿ ರೇಡಿಯೋ ದಿಗಂತ ಸುಮಾರು 26 ಕಿಲೋಮೀಟರ್ ಆಗುತ್ತದೆ. ಅಂದರೆ ಈ ಹಾದಿಗೆ ಎತ್ತರದ ಕೊರತೆಯಿಲ್ಲ. ಉಳಿಯುವ ಪ್ರಶ್ನೆ ನಗರದ ಮೋಟಾರು, ಎಲ್‌ಇಡಿ ದೀಪಗಳ ಗದ್ದಲವನ್ನು ಬದಿಗೊತ್ತಿ ಹರಿಹರವೊಂದನ್ನೇ ಕೇಳುವುದು ಹೇಗೆ ಎಂಬುದು. ನಾಲ್ಕು ಆಂಟೆನಾಗಳ ಸಾಲನ್ನು ಈ ಹಾದಿಗೆ ಅಡ್ಡಲಾಗಿ, ಉತ್ತರದಿಂದ ತುಸು ಈಶಾನ್ಯಕ್ಕೆ ತಿರುಗಿಸಿ, ಅರ್ಧ ತರಂಗಾಂತರದ ಅಂತರದಲ್ಲಿ ನಿಲ್ಲಿಸಿದರೆ ಲೆಕ್ಕ ಹೀಗೆ ಸಾಗುತ್ತದೆ.

ನಾಲ್ಕಕ್ಕೂ ಒಂದೇ ಸಮನಾದ ಕರೆಂಟು ಕೊಟ್ಟರೆ ಸಾಲಿಗೆ ಸಿಗುವ ಲಾಭ, ಅಂದರೆ ಬೇಕಾದ ದಿಕ್ಕಿನ ಬಲ, ಒಂಟಿ ಆಂಟೆನಾದ 4 ಪಟ್ಟು, ಕಿರಣದ ಅಗಲ 26 ಡಿಗ್ರಿ. ಆದರೆ ಮುಖ್ಯ ದಿಕ್ಕಿನ ಎರಡೂ ಬದಿಗೆ, ಸುಮಾರು 47 ಡಿಗ್ರಿ ದೂರದಲ್ಲಿ, ಸೈಡ್ ಲೋಬ್ ಎಂಬ ಬೇಡದ ಕವಲು ಒಡೆಯುತ್ತದೆ. ಅದರ ತೀವ್ರತೆ ಮುಖ್ಯ ಕಿರಣದ ನೂರರಲ್ಲಿ ಏಳು ಪಾಲು. ಗದ್ದಲ ಒಳಗೆ ನುಗ್ಗುವುದು ಈ ಕಿಂಡಿಗಳಿಂದ. ಕಾರಣ ಸರಳ: ಸಮನಾದ ಸಾಲು ತನ್ನ ಎರಡು ತುದಿಗಳಲ್ಲಿ ಥಟ್ಟನೆ ಮುಗಿದುಹೋಗುತ್ತದೆ. ಆ ಹಠಾತ್ ಅಂಚೇ ಕವಲುಗಳ ಮೂಲ. ನಡುವಿನ ಆಂಟೆನಾಗಳಿಗೆ ಹೆಚ್ಚು, ಅಂಚಿನವಕ್ಕೆ ಕಡಿಮೆ ಕರೆಂಟು ಕೊಟ್ಟು ಅಂಚನ್ನು ಮೆತ್ತಗೆ ಮಾಡಿದರೆ ಕವಲು ಕುಗ್ಗುತ್ತದೆ.

ಎಷ್ಟು ಹೆಚ್ಚು, ಎಷ್ಟು ಕಡಿಮೆ? 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಟೋನ್ ಸ್ಟೋನ್ ಇದಕ್ಕೊಂದು ಉತ್ತರ ಕೊಟ್ಟು ಪೇಟೆಂಟ್ ಪಡೆದರು: ದ್ವಿಪದ ಗುಣಕಗಳ ಅನುಪಾತ. ನಾಲ್ಕು ಆಂಟೆನಾಗಳಿಗೆ ಅದು 1:3:3:1. ಮೂರು ವಸ್ತುಗಳಲ್ಲಿ ಒಂದನ್ನೂ ಆರಿಸದಿರುವ, ಒಂದನ್ನು, ಎರಡನ್ನು, ಮೂರನ್ನೂ ಆರಿಸುವ ಬಗೆಗಳ ಎಣಿಕೆ ಇದೇ. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಕನ್ನಡ ನಾಡಿನ ಗಣಿತಜ್ಞನೊಬ್ಬನ ಸೂತ್ರ ಸಾವಿರ ವರ್ಷದ ಮೇಲೆ ರೇಡಿಯೋ ಅಲೆಗಳ ಹಂಚಿಕೆಗೂ ಒದಗುವಂತಾಯಿತು. ಅರ್ಧ ತರಂಗಾಂತರದ ಅಂತರದಲ್ಲಿ ಈ ಅನುಪಾತಕ್ಕೆ ಸೈಡ್ ಲೋಬ್ ಎಂಬುದೇ ಇಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆಯಿದೆ: ಕಿರಣ 35 ಡಿಗ್ರಿಗೆ ಅಗಲವಾಗುತ್ತದೆ, ಲಾಭ 4ರಿಂದ 3.2ಕ್ಕೆ ಇಳಿಯುತ್ತದೆ.

ಸಮನಾದ ಹಂಚಿಕೆ, ದ್ವಿಪದ ಹಂಚಿಕೆ ಎಂಬ ಎರಡು ತುದಿಗಳ ನಡುವಿನ ಹದವನ್ನು 1946ರಲ್ಲಿ ಸಿ. ಎಲ್. ಡಾಲ್ಫ್ ತೋರಿಸಿಕೊಟ್ಟರು. ಅವರ ವಿಧಾನದಲ್ಲಿ ಕವಲುಗಳನ್ನು ಇಲ್ಲವಾಗಿಸುವ ಬದಲು ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸಲಾಗುತ್ತದೆ. ಆ ಮಟ್ಟಕ್ಕೆ ಸಾಧ್ಯವಿರುವ ಅತಿ ಕಿರಿದಾದ ಕಿರಣ ಆಗ ಸಿಗುತ್ತದೆ. ಕವಲು ನೂರರಲ್ಲಿ ಒಂದು ಪಾಲಿಗಿಂತ ಮೀರಬಾರದು ಎಂದುಕೊಂಡರೆ ನಾಲ್ಕು ಆಂಟೆನಾಗಳ ಕರೆಂಟಿನ ಅನುಪಾತ ಸುಮಾರು 1:1.74:1.74:1. ಕಿರಣ 30 ಡಿಗ್ರಿ, ಲಾಭ 3.7. ಇಲ್ಲೊಂದು ಸೊಗಸಾದ ಸಂಗತಿ ಅಡಗಿದೆ. ವಿದ್ಯುತ್ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, 1.74ರ ವರ್ಗ 3ಕ್ಕೆ ತೀರ ಹತ್ತಿರ. ಅಂದರೆ 1:3:3:1 ಎಂಬ ಅದೇ ಅಂಕಿಗಳನ್ನು ಕರೆಂಟಿಗೆ ಹಚ್ಚದೆ ಶಕ್ತಿಯ ಹಂಚಿಕೆಗೆ ಹಚ್ಚಿದರೆ, ಎಂಟು ಪಾಲಿನಲ್ಲಿ ಅಂಚಿಗೆ ಒಂದೊಂದು, ನಡುವಿಗೆ ಮೂರು ಮೂರು ಕೊಟ್ಟರೆ, ಡಾಲ್ಫ್ ವಿನ್ಯಾಸವೇ ಕೈಗೆ ಬರುತ್ತದೆ. ಒಂದೇ ಅನುಪಾತ ಯಾವ ರಾಶಿಗೆ ಅನ್ವಯವಾಗುತ್ತದೆ ಎಂಬುದರ ಮೇಲೆ ಎರಡು ಬೇರೆ ಬೇರೆ ಫಲ ಕೊಡುತ್ತದೆ. ದಾವಣಗೆರೆ-ಹರಿಹರದಂಥ ಹಾದಿಗೆ ಈ ಎರಡನೆಯ ಬಳಕೆಯೇ ಲೇಸು.

ಅಂತರದ ಅನುಪಾತಕ್ಕೆ ಬೇರೆಯೇ ನಿಯಮವಿದೆ. ಅಂತರ ಹಿಗ್ಗಿಸಿದಷ್ಟೂ ಕಿರಣ ಕಿರಿದಾಗುತ್ತದೆ, ಆದರೆ ಮಿತಿ ದಾಟಿದರೆ ಮುಖ್ಯ ಕಿರಣದಷ್ಟೇ ಬಲವಾದ ನಕಲು ಕಿರಣ ಇನ್ನೊಂದು ದಿಕ್ಕಿನಲ್ಲಿ ಹುಟ್ಟುತ್ತದೆ. ಇದು ಗ್ರೇಟಿಂಗ್ ಲೋಬ್. ಫೇಸ್ ಬದಲಿಸಿ ಕಿರಣವನ್ನು ಪಕ್ಕಕ್ಕೆ ತಿರುಗಿಸುವ ಸಾಲಿನಲ್ಲಿ ಮಿತಿ ಇನ್ನೂ ಬಿಗಿ. ತಿರುಪತಿ ಬಳಿಯ ಗಾದಂಕಿಯಲ್ಲಿರುವ ವಾಯುಮಂಡಲ ರೇಡಾರ್ ಇದಕ್ಕೆ ಒಳ್ಳೆಯ ಉದಾಹರಣೆ. 53 ಮೆಗಾಹರ್ಟ್ಸ್‌ನಲ್ಲಿ ದುಡಿಯುವ ಅದರಲ್ಲಿ 32 ಸಾಲು, ಸಾಲಿಗೆ 32ರಂತೆ 1024 ಯಾಗಿ (ಒಂದರ ಮುಂದೊಂದು ಕಡ್ಡಿಗಳಿರುವ) ಆಂಟೆನಾಗಳು 130 ಮೀಟರ್ ಚೌಕದಲ್ಲಿ ನಿಂತಿವೆ. ಅಂತರ 0.7 ತರಂಗಾಂತರ. ಈ ಅಂತರದಲ್ಲಿ ಕಿರಣವನ್ನು ನೆತ್ತಿಯಿಂದ 25 ಡಿಗ್ರಿ ಓಲಿಸುವ ತನಕ ನಕಲು ಕಿರಣದ ಕಾಟವಿಲ್ಲ. ರೇಡಾರ್ ತಿರುಗುವುದು 20 ಡಿಗ್ರಿಯವರೆಗೆ. ಗಾಳಿಯನ್ನು ನೆತ್ತಿಯ ಆಸುಪಾಸಿನಲ್ಲೇ ನೋಡಬೇಕಾದ್ದರಿಂದ ಅಷ್ಟು ಸಾಕು. ಊರೂರಿನಲ್ಲಿ ಎದ್ದಿರುವ 5ಜಿ ಗೋಪುರಗಳ ಚಪ್ಪಟೆ ಪೆಟ್ಟಿಗೆಯೊಳಗೂ ಇದೇ ಜಾಣತನವಿದೆ. ಗ್ರಾಹಕರು ರಸ್ತೆಯುದ್ದಕ್ಕೂ ಎಡಬಲಕ್ಕೆ ಹರಡಿರುತ್ತಾರೆ, ಮೇಲೆ ಕೆಳಗೆ ಅಷ್ಟಾಗಿ ಅಲ್ಲ. ಹೀಗಾಗಿ ಅಡ್ಡಸಾಲಿನ ಅಂತರವನ್ನು ಸಾಮಾನ್ಯವಾಗಿ ಅರ್ಧ ತರಂಗಾಂತರದ ಬಳಿ ಇಟ್ಟು, ನಿಲುವಿನ ಅಂತರವನ್ನು ಸುಮಾರು 0.7ಕ್ಕೆ ಹಿಗ್ಗಿಸುತ್ತಾರೆ. ಚೌಕಕ್ಕಿಂತ ಆಯವೇ ಇಲ್ಲಿ ಸರಿಯಾದ ಅನುಪಾತ.

ಸಮ್ಮಿತಿಯಲ್ಲಿ ಎರಡು ಬಗೆ. ಎಡಬಲದ ಆಂಟೆನಾಗಳು ಒಟ್ಟಿಗೆ ಏರಿಳಿದರೆ ನಟ್ಟನಡುವೆ ಅತಿ ಹೆಚ್ಚಿನ ಬಲ. ಒಂದು ಅರ್ಧ ಏರುವಾಗ ಇನ್ನೊಂದು ಅರ್ಧ ಇಳಿಯುವಂತೆ ಮಾಡಿದರೆ ನಟ್ಟನಡುವೆ ಸೊನ್ನೆ, ಅದರ ಎರಡು ಪಕ್ಕದಲ್ಲಿ ಬಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ನಿಲುವು ಒಂದೇ, ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಎದುರು ಫೇಸಿನ ಸಾಲೂ ಹಾಗೆಯೇ, ಕಟ್ಟಡದಲ್ಲಿ ಒಂದು, ಕೆಲಸದಲ್ಲಿ ಎರಡು. ಈ ಸೊನ್ನೆಯ ಉಪಯೋಗ ದೊಡ್ಡದು. ಅಡಗಿಸಿಟ್ಟ ಪುಟ್ಟ ಟ್ರಾನ್ಸ್‌ಮೀಟರನ್ನು ಹುಡುಕುವ 'ಫಾಕ್ಸ್ ಹಂಟ್' ಆಟದಲ್ಲಿ ಹ್ಯಾಮ್‌ಗಳು ದಿಕ್ಕನ್ನು ಗೊತ್ತುಮಾಡಿಕೊಳ್ಳಲು ಅದನ್ನು ಬಳಸುತ್ತಾರೆ. ಸದ್ದು ಹೆಚ್ಚುವ ಜಾಗಕ್ಕಿಂತ ಅದು ಆರಿಹೋಗುವ ಜಾಗ ಕಿವಿಗೆ ಎಷ್ಟೋ ಪಾಲು ಖಚಿತವಾಗಿ ತಿಳಿಯುತ್ತದೆ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಒಂದೇ ಆವೃತ್ತಿಗೆ ಸೇರಿದ್ದು. ಹಲವು ಆವೃತ್ತಿಗಳನ್ನು ಒಂದೇ ಆಂಟೆನಾ ಹಿಡಿಯಬೇಕಾದರೆ ಅದರ ಆಕಾರ ಹಿಗ್ಗಿಸಿದರೂ ಕುಗ್ಗಿಸಿದರೂ ತನ್ನಂತೆಯೇ ಕಾಣಬೇಕು. ಲಾಗ್ ಪೀರಿಯಾಡಿಕ್ ಆಂಟೆನಾದ ತಿರುಳು ಇದು. ಅದರ ಕಡ್ಡಿಗಳು ಹಿಂದಿನಿಂದ ಮುಂದಕ್ಕೆ ಒಂದೇ ಅನುಪಾತದಲ್ಲಿ ಗಿಡ್ಡವಾಗುತ್ತವೆ, ನಡುವಿನ ಅಂತರಗಳೂ ಅದೇ ಅನುಪಾತದಲ್ಲಿ ಕಿರಿದಾಗುತ್ತವೆ, ಕಡ್ಡಿಯಿಂದ ಕಡ್ಡಿಗೆ ತಂತಿ ಅದಲುಬದಲಾಗುತ್ತದೆ. ಯಾವ ಆವೃತ್ತಿ ಬಂದರೂ ಅದರ ಅರ್ಧ ತರಂಗಾಂತರಕ್ಕೆ ಹೊಂದುವ ಕೆಲವು ಕಡ್ಡಿಗಳು ದುಡಿಯುತ್ತವೆ, ಉಳಿದವು ಸುಮ್ಮನಿರುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ 1997ರಲ್ಲಿ ಕೆಲಸಕ್ಕೆ ಹಚ್ಚಿದ ಸೌರ ರೇಡಿಯೋ ದೂರದರ್ಶಕದಲ್ಲಿ ಇಂಥ 192 ಆಂಟೆನಾಗಳಿದ್ದವು. 40ರಿಂದ 150 ಮೆಗಾಹರ್ಟ್ಸ್‌ವರೆಗೆ ಸೂರ್ಯನ ಹೊರ ಆವರಣವನ್ನು ನೋಡುವುದು ಅದರ ಕೆಲಸ.

ಸುವರ್ಣ ಅನುಪಾತದ ಮಹಿಮೆಯನ್ನು ಆಂಟೆನಾಕ್ಕೂ ಅಂಟಿಸುವವರಿದ್ದಾರೆ. ಅದನ್ನು ಪರೀಕ್ಷಿಸಲು ಇದೇ ಪಟ್ಟಿ ಸಾಕು. 40 ಮೆಗಾಹರ್ಟ್ಸ್‌ಗೆ ಬೇಕಾದ ಕಡ್ಡಿ 3.75 ಮೀಟರ್, 150ಕ್ಕೆ 1 ಮೀಟರ್. ಅನುಪಾತ 0.9 ಆದರೆ ಈ ನಡುವೆ ಹದಿಮೂರು ಹದಿನಾಲ್ಕು ಕಡ್ಡಿಗಳು ಬರುತ್ತವೆ, ಪ್ರತಿ ಆವೃತ್ತಿಗೂ ಅಕ್ಕಪಕ್ಕದ ಎರಡು ಮೂರು ಕಡ್ಡಿಗಳ ಆಸರೆ ಸಿಗುತ್ತದೆ. ಸುವರ್ಣ ಅನುಪಾತದ 0.618 ಇಟ್ಟರೆ ಬರುವುದು ಮೂರೋ ನಾಲ್ಕೋ ಕಡ್ಡಿ. ಒಂದು ಕಡ್ಡಿ ಬಿಟ್ಟು ಇನ್ನೊಂದು ಹಿಡಿಯುವ ಮೊದಲು ಲಾಭ ಹಳ್ಳಕ್ಕೆ ಬೀಳುತ್ತದೆ. ನುರಿತ ವಿನ್ಯಾಸಕರು ಹೆಚ್ಚಾಗಿ 0.8ಕ್ಕಿಂತ ಮೇಲಿನ ಅನುಪಾತವನ್ನೇ ಆರಿಸುವುದು ಈ ಕಾರಣಕ್ಕೆ.

ಸಾಲುಗಳ ಜೋಡಣೆಯಲ್ಲೂ ಮಿತವ್ಯಯದ ಗಣಿತವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಯಾಗಿ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಕಟ್ಟಿದ 34.5 ಮೆಗಾಹರ್ಟ್ಸ್ ದೂರದರ್ಶಕ ಇಂಗ್ಲಿಷಿನ ಟಿ ಅಕ್ಷರದ ಆಕಾರದ್ದು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ಅದರಲ್ಲಿ ಸರಳ ಕಡ್ಡಿ ಆಂಟೆನಾಗಳಾದ 640 ಡೈಪೋಲ್‌ಗಳು. ದಕ್ಷಿಣದ ತೋಳು ಸುಮಾರು 450 ಮೀಟರ್, ಅದರಲ್ಲಿ 360. ಒಂದು ತೋಳಿನ ಕಿರಣ ಒಂದು ದಿಕ್ಕಿಗೆ ತೆಳು, ಇನ್ನೊಂದರದ್ದು ಮತ್ತೊಂದು ದಿಕ್ಕಿಗೆ. ಎರಡರ ಸಂಕೇತಗಳನ್ನು ಗುಣಿಸಿದಾಗ ಎರಡೂ ದಿಕ್ಕಿಗೆ ತೆಳುವಾದ ಕಿರಣ ಸಿಗುತ್ತದೆ. ಇಡೀ ಬಯಲನ್ನು ಆಂಟೆನಾಗಳಿಂದ ತುಂಬಿದಾಗ ಬರುವ ಸೂಕ್ಷ್ಮ ನೋಟ ಸಾವಿರ ಡೈಪೋಲ್‌ಗಳಿಂದಲೇ ಬಂತು. ಕ್ಷೀಣ ಸಂಕೇತವನ್ನು ಸಂಗ್ರಹಿಸುವ ಶಕ್ತಿ ಮಾತ್ರ ಅಷ್ಟೇ ಬರಲಿಲ್ಲ.

ಸಮ್ಮಿತಿಯನ್ನು ಬೇಕೆಂದೇ ಮುರಿಯುವ ಸಂದರ್ಭವೂ ಇದೆ. ಸಮಾನ ಅಂತರದ ನಾಲ್ಕು ಆಂಟೆನಾಗಳನ್ನು ಜೋಡಿ ಜೋಡಿಯಾಗಿ ನೋಡಿದರೆ ಒಂದು ಮಾನದ ದೂರ ಮೂರು ಸಲ, ಎರಡರದ್ದು ಎರಡು ಸಲ, ಮೂರರದ್ದು ಒಂದು ಸಲ ಸಿಗುತ್ತದೆ. ಅದೇ ನಾಲ್ಕನ್ನು 0, 1, 4, 6 ಎಂಬ ಗುರುತುಗಳಲ್ಲಿ ನಿಲ್ಲಿಸಿದರೆ ಒಂದರಿಂದ ಆರರವರೆಗಿನ ಪ್ರತಿ ದೂರವೂ ಒಂದೊಂದೇ ಸಲ ಬರುತ್ತದೆ. ಫ್ರಾನ್ಸಿನ ಜಾಕ್ ಅರ್ಸಾಕ್ 1950ರ ದಶಕದಲ್ಲಿ ರೇಡಿಯೋ ಖಗೋಳ ವೀಕ್ಷಣೆಗೆ ಈ ಜೋಡಣೆಯನ್ನು ಬಳಸಿದರು. ಆಕಾಶದ ಚಿತ್ರ ಕಟ್ಟುವ ದೂರದರ್ಶಕಕ್ಕೆ ಹೊಸ ದೂರವೊಂದು ಹೊಸ ಮಾಹಿತಿ, ಮರುಕಳಿಸಿದ ದೂರದಿಂದ ಚಿತ್ರಕ್ಕೆ ಹೊಸ ಗೆರೆ ಸೇರುವುದಿಲ್ಲ. ಪುಣೆ ಬಳಿಯ ಖೋಡದದಲ್ಲಿ ಗೋವಿಂದ ಸ್ವರೂಪ್ ಕಟ್ಟಿಸಿದ ದೈತ್ಯ ದೂರದರ್ಶಕದ 30 ತಟ್ಟೆಗಳಲ್ಲಿ 14 ನಡುವೆ ಕ್ರಮವಿಲ್ಲದೆ ಹರಡಿವೆ, ಉಳಿದ 16 ವೈ ಅಕ್ಷರದ ಮೂರು ತೋಳುಗಳಲ್ಲಿವೆ. ಒಟ್ಟು 435 ಜೋಡಿಗಳು.

ಸುವರ್ಣ ಅನುಪಾತಕ್ಕೆ ನಿಜವಾದ ಕೆಲಸ ಸಿಗುವುದೂ ಇಲ್ಲಿಯೇ. ಸೂರ್ಯಕಾಂತಿ ಹೂವಿನಲ್ಲಿ ಕಾಳಿನಿಂದ ಕಾಳಿಗೆ 137.5 ಡಿಗ್ರಿಯ ತಿರುವು ಇರುತ್ತದೆ. ಆ ಅನುಪಾತದಿಂದ ಹುಟ್ಟುವ ಈ ಕೋನದಲ್ಲಿ ಆಂಟೆನಾಗಳನ್ನು ಸುರುಳಿಯಾಗಿ ಜೋಡಿಸಿದರೆ ಎಲ್ಲಿಯೂ ನೇರ ಸಾಲು ಮರುಕಳಿಸುವುದಿಲ್ಲ. ಅಂತರ ದೊಡ್ಡದಿದ್ದರೂ ನಕಲು ಕಿರಣ ಒಂದೆಡೆ ಗುಡ್ಡೆಯಾಗದೆ ತೆಳ್ಳಗೆ ಹರಡಿಹೋಗುತ್ತದೆ. ಉಪಗ್ರಹಗಳ ಆಂಟೆನಾಗಳಿಗಾಗಿ ಯುರೋಪಿನ ಸಂಶೋಧಕರು ಈ ವಿನ್ಯಾಸವನ್ನು ಅಧ್ಯಯನ ಮಾಡಿದ್ದಾರೆ. ಕಡ್ಡಿಯ ಉದ್ದಕ್ಕೆ ಒದಗದ ಅನುಪಾತ ಕೋನಕ್ಕೆ ಒದಗಿತು, ಏಕೆಂದರೆ ಅಲ್ಲಿ ಬೇಕಾದದ್ದು ಮರುಕಳಿಸದ ಗುಣ.

ಕೈಯಾರೆ ಸಾಲು ಕಟ್ಟುವವರು ಕಾಗದದ ಸಮ್ಮಿತಿಯನ್ನು ಲೋಹಕ್ಕೆ ಇಳಿಸುವಾಗ ಮೂರು ಕಡೆ ಎಚ್ಚರ ವಹಿಸಬೇಕು. ಮೊದಲನೆಯದು ಕೇಬಲ್. ಸಾಮಾನ್ಯ ಕೋಆಕ್ಸಿಯಲ್ ಕೇಬಲಿನಲ್ಲಿ ಅಲೆಯ ವೇಗ ಬಯಲಿನ ವೇಗದ ಶೇ. 66ರಷ್ಟು, ಹೀಗಾಗಿ 145 ಮೆಗಾಹರ್ಟ್ಸ್‌ನ ತರಂಗಾಂತರ ಅದರೊಳಗೆ ಸುಮಾರು 1.36 ಮೀಟರಿಗೆ ಕುಗ್ಗುತ್ತದೆ, ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿಯೂ 2.6 ಡಿಗ್ರಿ ಫೇಸ್ ಕೆಡಿಸುತ್ತದೆ. ಎಲ್ಲ ಆಂಟೆನಾಗಳಿಗೂ ಒಂದೇ ಸುರುಳಿಯ ಕೇಬಲನ್ನು ಒಂದೇ ಉದ್ದಕ್ಕೆ ಕತ್ತರಿಸುವುದು ಉಪಾಯ. ಎರಡನೆಯದು ನೆರೆಹೊರೆಯ ಪ್ರಭಾವ. ನಡುವಿನ ಆಂಟೆನಾಕ್ಕೆ ಎರಡೂ ಪಕ್ಕದಲ್ಲಿ ಜೊತೆಯಿದೆ, ಅಂಚಿನದಕ್ಕೆ ಒಂದೇ ಪಕ್ಕ. ಆದ್ದರಿಂದ ತದ್ರೂಪಿ ಆಂಟೆನಾಗಳೂ ಬೇರೆ ಬೇರೆಯಾಗಿ ವರ್ತಿಸುತ್ತವೆ. ದೊಡ್ಡ ಸಾಲುಗಳ ತುದಿಯಲ್ಲಿ ರೇಡಿಯೋದಿಂದ ಕರೆಂಟು ಕೊಡದ ತೋರಿಕೆಯ ಆಂಟೆನಾ ನಿಲ್ಲಿಸುವುದು ಇದಕ್ಕಾಗಿ. ಮೂರನೆಯದು, ಸಾಲಿನಲ್ಲಿರುವುದು ಉದ್ದನೆಯ ಯಾಗಿಗಳಾದರೆ ಅರ್ಧ ತರಂಗಾಂತರ ಸಾಲದು. ಪ್ರತಿ ಯಾಗಿಯೂ ತನ್ನ ಲಾಭಕ್ಕೆ ತಕ್ಕಷ್ಟು ಹರವಿನಿಂದ ಅಲೆಯನ್ನು ಹೀರುತ್ತದೆ. ಆ ಹರವುಗಳು ಒಂದರ ಮೇಲೊಂದು ಬೀಳದಷ್ಟು ದೂರ ಇರಬೇಕು.

ಕಟ್ಟಿ ಮುಗಿದ ಸಾಲಿನ ಸಮ್ಮಿತಿಯನ್ನು ಪರೀಕ್ಷಿಸಲು ಮುಖ್ಯ ಕಿರಣದ ಬಲ ಅಳೆದರೆ ಪ್ರಯೋಜನ ಕಡಿಮೆ. ಎಡಬಲದ ಕರೆಂಟಿನಲ್ಲಿ ಶೇ. 10ರಷ್ಟು ವ್ಯತ್ಯಾಸವಿದ್ದರೂ ಲಾಭ ಸಾವಿರದಲ್ಲಿ ಮೂರು ಪಾಲೂ ಕುಗ್ಗುವುದಿಲ್ಲ. ಒಂದು ಅರ್ಧದ ಫೇಸ್ ತಿರುಗಿಸಿ ನಡುವಿನ ಸೊನ್ನೆಯನ್ನು ಅಳೆಯಬೇಕು. ಅದೇ ಶೇ. 10ರ ವ್ಯತ್ಯಾಸ ಅಲ್ಲಿ ಸೊನ್ನೆಯನ್ನು ತುಂಬಿಸಿ, ಮೊದಲಿನ ಬಲದ ಸುಮಾರು 360ನೆಯ ಒಂದು ಭಾಗವನ್ನು ಉಳಿಸುತ್ತದೆ. ಮೀಟರಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಸೊನ್ನೆ ಆಳವಾಗುವ ತನಕ ಕೇಬಲು, ಅಂತರ, ಪಾಲುಗಳನ್ನು ತಿದ್ದಿ, ಆಮೇಲೆ ಫೇಸನ್ನು ಮೊದಲಿನಂತೆ ಜೋಡಿಸಿದರೆ ಸಾಲು ಕೆಲಸಕ್ಕೆ ಸಿದ್ಧ.