ಮುಂದ ಹಗರ ಆಗೈತಿ

'ಅಸೆಟ್ಟೊ ಕೊರ್ಸಾ' ಅಂದ್ರೆ ಇಟಾಲಿಯನ್ ಭಾಷೆಯಲ್ಲಿ ಹೆಚ್ಚೂಕಡಿಮೆ 'ರೇಸಿನ ಸೆಟಪ್' ಅಂತ ಅರ್ಥ. ಇಟಲಿಯ ಕುನೋಸ್ ಸಿಮುಲಾಜಿಯೋನಿ ಕಂಪನಿ 2014ರಲ್ಲಿ ಪೂರ್ಣರೂಪದಲ್ಲಿ ತಂದ ಈ ಕಾರ್ ರೇಸಿನ ಗೇಮ್‌ನಲ್ಲಿ ಗಾಡಿ ಓಡಿಸೋದು ಅರ್ಧ ಆಟ, ಓಡಿಸೋ ಮುಂಚೆ ಹದ ಮಾಡೋದು ಇನ್ನರ್ಧ. ಟೈರಿನ ಗಾಳಿ, ಸ್ಪ್ರಿಂಗ್, ಡ್ಯಾಂಪರ್, ಗೇರು, ಬ್ರೇಕು ಮುಂದಕ್ಕೆಷ್ಟು ಹಿಂದಕ್ಕೆಷ್ಟು, ಟ್ಯಾಂಕಿಗೆ ಎಷ್ಟು ಲೀಟರ್ ಅನ್ನೋದನ್ನೆಲ್ಲ ರೇಸ್ ಕಾರುಗಳಲ್ಲಿ ನಾವೇ ನಿರ್ಧರಿಸಬಹುದು. ನಾನು ಬಹಳ ದಿನ ಈ ಅರ್ಧವನ್ನು ಆಡಲೇ ಇಲ್ಲ. ವೇಗವಾಗಿ ಓಡಿಸೋ ಯಾರದೋ ಸೆಟಪ್ ಫೈಲ್ ತಂದು ಹಾಕಿಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಕೋಡ್ ಕಾಪಿ ಮಾಡೋ ಚಟ ಮನೆಗೂ ಬಂದಿತ್ತು ಅನ್ನಿ.

ಮೂಡಲಗಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ನಮ್ಮ ಕಾಕಾನ ಮಗ ಸೀಸನ್ ಮುಗಿಸಿ ಬೆಂಗಳೂರಿಗೆ ಬಂದಿದ್ದ. ನಾನು ಇಮೋಲಾ ಟ್ರ್ಯಾಕಿನಲ್ಲಿ ಹಳೇ ಬಿಎಂಡಬ್ಲ್ಯೂ ಎಂ3 ಇ30 ಜೊತೆ ಒದ್ದಾಡುತ್ತಿದ್ದೆ. ಅಲ್ಲಿ ಟೋಸಾ ಅಂತ ಒಂದು ಬಿಗಿ ತಿರುವು. ಅದು ಮುಗಿಯುತ್ತಲೇ ರಸ್ತೆ ಏರು ಹತ್ತುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ನನ್ನ ಗಾಡಿಯ ಮೂತಿ ಹೊರಗೆ ಜಾರುತ್ತಿತ್ತು. ಅರ್ಧ ಗಂಟೆಯಿಂದ ಟೈರಿನ ಗಾಳಿ ಏರಿಸಿ ಇಳಿಸಿ ಸಾಕಾಗಿತ್ತು. ಸ್ಟೇರಿಂಗ್ ಅವನ ಕೈಗೆ ಕೊಟ್ಟೆ. ಎರಡು ಸುತ್ತು ಹೊಡೆದು, "ಅಣ್ಣಾ, ಮುಂದ ಹಗರ ಆಗೈತಿ. ಹೊರಳಿಸಿದ್ರ ಕೇಳವಲ್ದು" ಅಂದ.

ಗೋಕಾಕ, ಮೂಡಲಗಿ, ಹುಕ್ಕೇರಿ ರೋಡಿನಲ್ಲಿ ಕಬ್ಬಿನ ಸೀಸನ್ನಿಗೆ ಓಡಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಎರಡು ಟ್ರೇಲರ್ ಎಳೆಯುತ್ತ ಏರು ಹತ್ತುವ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲಕ್ಕೆ ತಾಗಿಯೂ ತಾಗದ ಹಾಗೆ ಇರುತ್ತವೆ. ಹಿಂದೆ ಹುಕ್ಕಿನ ಮೇಲೆ ಭಾರ ಬಿದ್ದಷ್ಟೂ ಮುಂದೆ ಹಗುರ. ಆಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಅದಕ್ಕೇ ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ತೂಕ ಕಟ್ಟುತ್ತಾರೆ. ಹಿಂದಿನ ಟೈರು ಜಾರದಿರಲಿ ಅಂತ ಅದರೊಳಗೆ ನೀರು ತುಂಬಿಸುತ್ತಾರೆ. ಇದೂ ಸೆಟಪ್ಪೇ, ನಾವು ಹಾಗೆ ಕರೆಯೋದಿಲ್ಲ ಅಷ್ಟೇ.

ಕಾರಿಗೆ ಹುಕ್ಕೂ ಇಲ್ಲ, ಕಬ್ಬೂ ಇಲ್ಲ. ಆದರೆ ವೇಗ ಕೊಟ್ಟಾಗ ಅದರ ಭಾರವೂ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸ್ಪ್ರಿಂಗ್ ಮೆತ್ತಗಿದ್ದರೆ ಹಿಂಭಾಗ ಕುಕ್ಕರಿಸುತ್ತದೆ, ಮೂತಿ ಏಳುತ್ತದೆ. ಹಿಂದಿನ ಸ್ಪ್ರಿಂಗ್ ಎರಡು ಕ್ಲಿಕ್ ಗಟ್ಟಿ ಮಾಡಿದೆ. ಒಂದು ಸುತ್ತು ನೋಡಿದೆ. ಆಮೇಲೆ ಮುಂದಿನ ಆ್ಯಂಟಿ-ರೋಲ್ ಬಾರ್ ಒಂದು ಕ್ಲಿಕ್ ಸಡಿಲಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಎರಡು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗೋದಿಲ್ಲ. ಗಾಡಿ ಟೋಸಾ ದಾಟಿ ಹೇಳಿದ ಕಡೆ ಹೋಯಿತು.

ಟ್ರ್ಯಾಕ್ಟರ್ ಡ್ರೈವರನ ಸೊಂಟಕ್ಕೆ ತಿಳಿದ ಸತ್ಯವನ್ನು ಈ ಆಟ ಸುಳ್ಳು ಮಾಡೋದಿಲ್ಲ. ಇದು ಅದರ ದೊಡ್ಡಸ್ತಿಕೆ. ಕೊರತೆ ಇರೋದು ಸೆಟಪ್ ಪುಟದಲ್ಲಿ. ಅಲ್ಲಿ ಅಂಕಿಗಳಿವೆ, ಕ್ಲಿಕ್ಕುಗಳಿವೆ. 'ಮುಂದ ಹಗರ' ಅನ್ನೋ ಮಾತಿನಿಂದ ಯಾವ ಕ್ಲಿಕ್ಕಿಗೆ ಹೋಗಬೇಕು ಅನ್ನೋ ದಾರಿ ಇಲ್ಲ. ಆ ದಾರಿ ಗೊತ್ತಿಲ್ಲದವರೇ ನನ್ನ ಹಾಗೆ ಇನ್ನೊಬ್ಬರ ಫೈಲಿಗೆ ಕೈ ಚಾಚೋದು. ಆದರೆ ಆ ಫೈಲು ಅವರ ಕೈಕಾಲಿಗೆ ಹದವಾದದ್ದು. ಅವರಿಗೆ ಒಂದು ಸುತ್ತಿಗೆ ಅರ್ಧ ಸೆಕೆಂಡ್ ಉಳಿಸಿಕೊಟ್ಟ ಸೆಟಪ್ಪು ನನ್ನನ್ನು ಐದನೇ ಸುತ್ತಿಗೆ ಹುಲ್ಲಿನಲ್ಲಿ ಕೂರಿಸುತ್ತಿತ್ತು.

ತಮ್ಮ ಸೆಟಪ್ ಪುಟವನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಲೋಡ್ ಕಮ್ಮಿ ಮಾಡೂದು ಎಲ್ಲೈತಿ?"

ಪೆಟ್ರೋಲಿನ ಜಾಗ ತೋರಿಸಿದೆ. ಐದು ಸುತ್ತಿಗೆ ಸಾಕಾಗುವಷ್ಟೇ ಇಟ್ಟು ಉಳಿದದ್ದು ಇಳಿಸಿದ. ಗಾಡಿ ಏರಿನಲ್ಲಿ ಹಗೂರಕ್ಕೆ ಓಡಿತು. "ಇಲ್ಲಿ ಡ್ರೈವರನೇ ಮಾಲಕ ಬಿಡ" ಅಂತ ನಕ್ಕ.

ನನಗೆ ನಗು ಬರಲಿಲ್ಲ. ಕಬ್ಬು ಸಾಗಿಸಲು ದುಡ್ಡು ಕೊಡೋದು ಟನ್ ಲೆಕ್ಕದಲ್ಲಿ. ಮುಂದಿನ ಗಾಲಿ ಏಳುತ್ತದೆ ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮದ್ದೂ ಗೊತ್ತು, ನಾಲ್ಕು ಹೊರೆ ಕಡಿಮೆ ಹೇರೋದು. ಆ ಒಂದು ಕ್ಲಿಕ್ ಮಾತ್ರ ಅವನ ಕೈಯಲ್ಲಿಲ್ಲ. ಏರಿನಲ್ಲಿ ತಪ್ಪಿದರೆ ಮತ್ತೆ ಪಿಟ್‌ನಿಂದ ಶುರು ಮಾಡೋ ಬಟನ್ನೂ ಇಲ್ಲ.

ಆಟ ಚೆನ್ನಾಗಿದೆ, ಆಡಿ. ಆದರೆ ಇನ್ನೊಬ್ಬರ ಫೈಲ್ ಹಾಕಿಕೊಳ್ಳಬೇಡಿ. ಗಾಡಿಯ ಭಾರ ಎಷ್ಟಿರಬೇಕು, ಎಲ್ಲಿ ಕೂರಬೇಕು ಅಂತ ಓಡಿಸೋನೇ ತೀರ್ಮಾನಿಸೋ ಅಧಿಕಾರ ಇದರಲ್ಲಿ ಪುಕ್ಕಟೆ ಸಿಗುತ್ತದೆ. ಹೊರಗೆ ಅದು ಅಷ್ಟು ಸುಲಭವಾಗಿ ಸಿಗೋದಲ್ಲ.