ಉಲ್ಲೇಖವಲ್ಲದ ಕಲ್ಲುಗಳು

ಅಥೆನ್ಸಿನ ಆಕ್ರೊಪೊಲಿಸ್‌ಗೂ ಅದರೆದುರಿನ ಫಿಲೊಪಾಪ್ಪು ಗುಡ್ಡಕ್ಕೂ ಹತ್ತುವ ಕಾಲುದಾರಿಗಳನ್ನು ವಾಸ್ತುಶಿಲ್ಪಿ ದಿಮಿತ್ರಿಸ್ ಪಿಕಿಯೋನಿಸ್ 1954ರಿಂದ 1957ರ ನಡುವೆ ರೂಪಿಸಿದರು. ಈ ದಾರಿಗಳ ಹಾಸಿನಲ್ಲಿ ಹೊಸ ಕಲ್ಲು ಮತ್ತು ಕಾಂಕ್ರೀಟಿನ ಜೊತೆಗೆ, ಕೆಡವಿದ ಹತ್ತೊಂಬತ್ತನೇ ಶತಮಾನದ ಮನೆಗಳ ಅಮೃತಶಿಲೆಯ ತುಂಡುಗಳೂ ಇವೆ. ಎಲ್ಲವನ್ನೂ ನಕ್ಷೆಯಲ್ಲೇ ತೀರ್ಮಾನಿಸದೆ, ಕಲ್ಲುಕುಟಿಗರ ಜೊತೆ ಸ್ಥಳದಲ್ಲೇ ನಿಂತು ಜೋಡಿಸಿದ ಕೆಲಸವಿದು.

ಇಂಥ ಮರುಬಳಕೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಥಟ್ಟನೆ 'ಉಲ್ಲೇಖ' ಎಂದುಬಿಡುತ್ತೇವೆ. ಹಳೆಯ ಪಠ್ಯದ ಸಾಲೊಂದು ಹೊಸ ಪಠ್ಯದಲ್ಲಿ ಬಂದು ಕೂತಂತೆ ಎಂಬ ಹೋಲಿಕೆ. ನನಗಿದು ಒಪ್ಪಿಗೆಯಿಲ್ಲ. ನಾವು ಒಂದು ಸಾಲನ್ನು ಉಲ್ಲೇಖಿಸಿದರೂ ಮೂಲಪಠ್ಯ ಬೇರೆಡೆ ಇಡಿಯಾಗಿ ಉಳಿದಿರುತ್ತದೆ. ಬೇಕೆಂದಾಗ ಹೋಗಿ ಓದಬಹುದು. ಈ ಅಮೃತಶಿಲೆಗೆ ಮರಳಿ ಹೋಗಲು ಮನೆಯೇ ಇಲ್ಲ.

ಆ ಮನೆಗಳು ಹೋದದ್ದು ಹೇಗೆ? ಯುದ್ಧಾನಂತರದ ಅಥೆನ್ಸಿನಲ್ಲಿ 'ಆಂಟಿಪರೋಖಿ' ಎಂಬ ಏರ್ಪಾಟು ಹಬ್ಬಿತು. ಮಾಲೀಕರು ನಿವೇಶನ ಕೊಡುತ್ತಾರೆ, ಬಿಲ್ಡರ್ ಅಪಾರ್ಟ್‌ಮೆಂಟ್ ಕಟ್ಟಿ ಕೆಲವು ಫ್ಲ್ಯಾಟುಗಳನ್ನು ಅವರಿಗೇ ಬಿಟ್ಟುಕೊಡುತ್ತಾನೆ. ಬೆಂಗಳೂರಿನವರಿಗೆ ಇದು 'ಜಾಯಿಂಟ್ ಡೆವಲಪ್‌ಮೆಂಟ್' ಎಂದು ಪರಿಚಿತ. ಇದನ್ನು ಬರೀ ದುರಾಸೆಯ ಕಥೆ ಎನ್ನಲಾಗದು; ಕೈಯಲ್ಲಿ ಕಾಸಿಲ್ಲದ ಎಷ್ಟೋ ಕುಟುಂಬಗಳಿಗೆ ಹೊಸ ಸೂರು ಸಿಕ್ಕಿತು. ಆದರೆ ಒಂದೆರಡು ಅಂತಸ್ತಿನ ಹಳೆಯ ಮನೆಗಳು ಸಾಲುಸಾಲಾಗಿ ನೆಲಕ್ಕುರುಳಿದವು.

ಅಂದಮೇಲೆ ಈ ದಾರಿಯ ಚೆಲುವಿಗೆ ಆ ನಾಶದ ಋಣವಿದೆ. ಮರುಬಳಕೆಯನ್ನು ಹೊಗಳುವಾಗ ನಾವು ಜಾರುವುದು ಇಲ್ಲೇ. ಉಳಿದ ಕಲ್ಲುಗಳನ್ನಷ್ಟೇ ಎಣಿಸುತ್ತ ಹೋದರೆ, ಮನೆಯೇ ಉಳಿಯಿತೆಂಬ ಸಮಾಧಾನ ಅಗ್ಗಕ್ಕೆ ಸಿಕ್ಕಿಬಿಡುತ್ತದೆ.

ಪಿಕಿಯೋನಿಸ್ ಆ ಸಮಾಧಾನವನ್ನು ಕೊಡುವುದಿಲ್ಲ ಎಂಬುದು ನನ್ನ ಓದು. ಛಾಯಾಚಿತ್ರಗಳಲ್ಲಿ ಗಮನಿಸಿ: ತುಂಡುಗಳು ತುಂಡುಗಳಾಗಿಯೇ ಉಳಿದಿವೆ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ನಡುವೆ ಕಾಂಕ್ರೀಟು ಎದ್ದು ಕಾಣುತ್ತದೆ. ಅವನ್ನೆಲ್ಲ ಸೇರಿಸಿ ಹಳೆಯ ಮನೆಯೆಂದು ನಂಬಿಸುವ ಗೋಡೆಯನ್ನು ಅವರು ಎಬ್ಬಿಸಲಿಲ್ಲ. ಪಾರ್ಥೆನಾನ್ ನೋಡುವ ಅವಸರದಲ್ಲಿ ಜನ ತುಳಿದು ಹೋಗುವ ನೆಲದಲ್ಲಿ ಹಾಸಿದರು.

ಎರಡು ಸಾವಿರ ವರ್ಷ ದಾಟಿದ ಕಂಬಗಳನ್ನು ಜೋಪಾನ ಮಾಡಿದ ನಗರವೇ ನೂರು ವರ್ಷದ ಆಸುಪಾಸಿನ ಮನೆಗಳನ್ನು ಕೈಬಿಟ್ಟಿತು. ಯಾವುದು ಪರಂಪರೆ, ಯಾವುದು ಬರೀ ಹಳೆಯದು ಎಂಬ ಆ ತೀರ್ಪು ಅಲ್ಲಿ ಬೆಟ್ಟದ ಮೇಲೂ ಇದೆ, ಹತ್ತುವವರ ಕಾಲಡಿಯಲ್ಲೂ ಇದೆ. ಮೇಲಿನದನ್ನು ನೋಡಲು ಟಿಕೆಟ್ ಬೇಕು. ಕೆಳಗಿನದನ್ನು ನೋಡಲು ತಲೆ ಬಗ್ಗಿಸಿದರೆ ಸಾಕು.